137: ಜಾವಾ ಆ್ಯಪನ್ನು ಕಂಟೇನರಿಗೆ ಹೊಂದಿಸುವ ಲೆಕ್ಕ

ಲಾಗ್‌ನಲ್ಲಿ ಎಕ್ಸೆಪ್ಶನ್ ಇಲ್ಲ, ಸ್ಟ್ಯಾಕ್ ಟ್ರೇಸ್ ಇಲ್ಲ, ಕೊನೆಯ ಸಾಲು ಎಂದಿನಂತೆ ಯಾವುದೋ ಬಿಲ್ ಸೇವ್ ಆದ ಸುದ್ದಿ. ಕಂಟೇನರ್, ಅಂದರೆ ಆ್ಯಪನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಬೇರೆಯಾಗಿ ಓಡಿಸುವ ಪೆಟ್ಟಿಗೆ, ಮಾತ್ರ ಸತ್ತು ಬಿದ್ದಿದೆ, ಎಕ್ಸಿಟ್ ಕೋಡ್ 137. ಜಾವಾ ಆ್ಯಪನ್ನು ಹೊಸದಾಗಿ ಕಂಟೇನರಿಗೆ ಹಾಕಿದವರು ಇದನ್ನು ನೋಡದೆ ಇರುವುದು ಅಪರೂಪ. ಕಂಟೇನರ್ ಏಳುವ ಅಚ್ಚು, ಅಂದರೆ ಇಮೇಜ್, ಕಟ್ಟುವುದು ಅರ್ಧ ದಿನದ ಕೆಲಸ. ಅದರ ಸುತ್ತಲಿನ ಲೆಕ್ಕ ತಪ್ಪಿದರೆ ವಾರಗಟ್ಟಲೆ ಕಾಡುತ್ತದೆ. ಹಾಗಾಗಿ ಇಮೇಜ್ ಕಟ್ಟುವ ಸೂಚನೆ ಬರೆದ ಡಾಕರ್‌ಫೈಲ್‌ನಿಂದ ಶುರು ಮಾಡದೆ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಉದಾಹರಣೆಗೆ ನಮ್ಮ ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಗೆ ಒಂದು ಆ್ಯಪ್ ಇದೆ ಅಂದುಕೊಳ್ಳಿ. ರೈತ ತಂದ 15 ಕೆಜಿ ಬಾಕ್ಸುಗಳ ಆವಕ, ಹರಾಜಿನ ದರ, ಕಳೆಯಬೇಕಾದ್ದು ಕಳೆದು ರೈತನ ಕೈಗೆ ಕೊಡುವ ಬಿಲ್ಲು, ಇಷ್ಟೇ ಕೆಲಸ. ಜಾವಾದ ವೆಬ್ ಚೌಕಟ್ಟು ಸ್ಪ್ರಿಂಗ್ ಬೂಟ್ 3, ಜೆಡಿಕೆ 21, ಬೆನ್ನಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಸೀಸನ್ನಿನಲ್ಲಿ ಬೆಳಗಿನ ಕೆಲವು ಗಂಟೆ ಮೈಮೇಲೆ ಬಿದ್ದಂತೆ ಲೋಡ್, ಮಧ್ಯಾಹ್ನದ ಮೇಲೆ ಕೇಳುವವರಿಲ್ಲ. ಇಂಥ ಆ್ಯಪ್‌ಗೆ ಕಂಟೇನರ್ ಚೆನ್ನಾಗಿ ಒಗ್ಗುತ್ತದೆ. ಒಗ್ಗಿಸಿದರೆ ಮಾತ್ರ.

ಮೆಮೊರಿ: ಹೀಪ್ ಒಂದೇ ಅಲ್ಲ

137 ಎಂದರೆ 128ಕ್ಕೆ 9 ಕೂಡಿಸಿದ್ದು, 9 ಎಂದರೆ ಸಿಗ್‌ಕಿಲ್, ತಕ್ಷಣ ಸಾಯಿಸುವ ಸಿಗ್ನಲ್. ಬಹುಪಾಲು ಸಲ ಕೊಂದದ್ದು ಲಿನಕ್ಸ್ ಕರ್ನಲ್, ಮೆಮೊರಿ ಮಿತಿ ಮೀರಿದ್ದಕ್ಕೆ. ಜಾವಾ ಕೋಡ್ ಓಡಿಸುವ ಜೆವಿಎಂಗೆ ಒಂದು ಸಾಲು ಬರೆದಿಡುವಷ್ಟೂ ಬಿಡುವು ಸಿಗುವುದಿಲ್ಲ. ಜಾವಾದ್ದೇ ಆದ ಔಟ್‌ಆಫ್‌ಮೆಮೊರಿಎರರ್ ಬೇರೆ ಸಂಗತಿ: ಅದು ಆಬ್ಜೆಕ್ಟುಗಳು ಕೂರುವ ಹೀಪ್ ಭರ್ತಿಯಾದಾಗ ಜೆವಿಎಂ ತಾನೇ ಎಸೆಯುವುದು, ಲಾಗ್‌ನಲ್ಲಿ ಕಾಣುತ್ತದೆ. ಕರ್ನಲ್‌ನ ಏಟು ಹೀಪ್ ಅರ್ಧ ಖಾಲಿ ಇದ್ದಾಗಲೂ ಬೀಳಬಹುದು. ಕರ್ನಲ್ ನೋಡುವುದು ಇಡೀ ಪ್ರೋಸೆಸ್ಸಿನ ಮೆಮೊರಿಯನ್ನು. ಹೀಪ್ ಅದರ ಒಂದು ಪಾಲು.

ಇದಕ್ಕೊಂದು ಇತಿಹಾಸವಿದೆ. ಜೆವಿಎಂ ಹುಟ್ಟಿ ಬೆಳೆದದ್ದು ಇಡೀ ಯಂತ್ರ ತನ್ನದೇ ಎಂಬ ನಂಬಿಕೆಯಲ್ಲಿ. ಏನೂ ಹೇಳದಿದ್ದರೆ ಯಂತ್ರದ ಮೆಮೊರಿಯ ಕಾಲು ಭಾಗವನ್ನು ಹೀಪ್‌ನ ಮಿತಿ ಎಂದು ಇಟ್ಟುಕೊಳ್ಳುತ್ತದೆ. 64 ಜಿಬಿ ಯಂತ್ರದಲ್ಲಿ 1 ಜಿಬಿ ಮಿತಿಯ ಕಂಟೇನರ್ ಓಡಿಸಿದರೆ ಹಳೆಯ ಜೆವಿಎಂ 16 ಜಿಬಿ ತನಕ ಬೆಳೆಯಬಹುದು ಅಂದುಕೊಂಡು ಕಸ ಗುಡಿಸುವುದನ್ನೇ (ಗಾರ್ಬೇಜ್ ಕಲೆಕ್ಷನ್) ಮುಂದೂಡುತ್ತಿತ್ತು, 1 ಜಿಬಿ ಮುಟ್ಟಿದ ಕ್ಷಣ ಕರ್ನಲ್ ಹೊಡೆಯುತ್ತಿತ್ತು. 2017ರಲ್ಲಿ ಜಾವಾ 8ರ 131ನೇ ಅಪ್‌ಡೇಟಿನಲ್ಲಿ, ಅಂದರೆ 8ಯು131ರಲ್ಲಿ, ಪ್ರಾಯೋಗಿಕ ಆಯ್ಕೆಯೊಂದು ಬಂತು. 2018ರ ಜೆಡಿಕೆ 10ರಲ್ಲಿ ಕಂಟೇನರಿನ ಮಿತಿಯನ್ನು ತಾನೇ ಓದುವುದು ಸಹಜ ಗುಣವಾಯಿತು, ಅದೇ ವರ್ಷ 8ಯು191ಕ್ಕೂ ಅದನ್ನು ಇಳಿಸಿದರು. ಮುಗಿಯಿತು ಅನ್ನುವಾಗ ಲಿನಕ್ಸ್‌ನಲ್ಲಿ ಕಂಟೇನರುಗಳ ಮಿತಿ ಕಾಯುವ ಸಿಗ್ರೂಪ್‌ನ ಎರಡನೆಯ ಆವೃತ್ತಿ ಬಂದು ಮಿತಿ ಬರೆದಿಡುವ ಫೈಲುಗಳ ಜಾಗವೇ ಬದಲಾಯಿತು. ಅದನ್ನು ಓದಬಲ್ಲದ್ದು ಜೆಡಿಕೆ 15ರಿಂದ ಈಚೆಗಿನವು, 11ರಲ್ಲಿ 11.0.16ರಿಂದ, 8ರಲ್ಲಿ 8ಯು372ರಿಂದ. ವರ್ಷಗಟ್ಟಲೆ ಸುಮ್ಮನಿದ್ದ ಹಳೆಯ ಜಾವಾ 8 ಇಮೇಜು, ಸರ್ವರ್‌ನ ಉಬುಂಟುವನ್ನು 22.04ಕ್ಕೆ ಏರಿಸಿದ ಮರುದಿನದಿಂದ 137 ಕಕ್ಕಲು ಶುರುವಾದರೆ ಕೋಡಿನಲ್ಲಿ ಹುಡುಕಬೇಡಿ. ಕಾರಣ ಬಹುತೇಕ ಇದೇ.

ಜೆವಿಎಂ ಕಣ್ಣಿಗೆ ಏನು ಕಾಣುತ್ತಿದೆ ಎಂದು ತಿಳಿಯಲು ಕಂಟೇನರಿನ ಒಳಗೆ ಜಾವಾ ಕಮಾಂಡಿಗೆ -ಎಕ್ಸ್‌ಶೋಸೆಟ್ಟಿಂಗ್ಸ್:ಸಿಸ್ಟಮ್ -ವರ್ಶನ್ ಕೊಟ್ಟು ಓಡಿಸಿ. ಸಿಗ್ರೂಪ್‌ನ ಆವೃತ್ತಿ, ಸಿಪಿಯು ಸಂಖ್ಯೆ, ಮೆಮೊರಿ ಮಿತಿ ಎಲ್ಲ ಅಚ್ಚಾಗುತ್ತದೆ. ಮಿತಿಯ ಜಾಗದಲ್ಲಿ ಅನ್‌ಲಿಮಿಟೆಡ್ ಎಂದು ಬಂದರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಈಗ ಹಂಚಿಕೆ. 1 ಜಿಬಿ ಮಿತಿ ಇದೆ, ಹೊಸ ಜೆಡಿಕೆ ಇದೆ, ಬೇರೇನೂ ಹೇಳಿಲ್ಲ ಅಂದರೆ ಹೀಪ್‌ಗೆ ಸಿಗುವುದು 256 ಎಂಬಿ. ಉಳಿದದ್ದರಲ್ಲಿ ದೊಡ್ಡ ಪಾಲು ಸುಮ್ಮನೆ ದಂಡ. ಇದನ್ನು ಕಂಡು ಕೆಲವರು ಹೀಪ್‌ನ ಮಿತಿ ಹೇಳುವ ಎಕ್ಸ್‌ಎಂಎಕ್ಸ್ ಅನ್ನು ನೇರ 1 ಜಿಬಿಗೆ ಏರಿಸುತ್ತಾರೆ, ಅಲ್ಲಿಗೆ 137 ಖಾತ್ರಿ. ಹೀಪ್‌ನ ಹೊರಗೆ ಏನೇನಿದೆ ನೋಡಿ: ಕ್ಲಾಸುಗಳ ವಿವರ ಇಡುವ ಮೆಟಾಸ್ಪೇಸ್, ನಡುಗಾತ್ರದ ಸ್ಪ್ರಿಂಗ್ ಬೂಟ್ ಆ್ಯಪ್‌ಗೆ 100ರಿಂದ 150 ಎಂಬಿ, ಅದಕ್ಕೆ ಸಹಜವಾಗಿ ಮೇಲ್ಮಿತಿಯೇ ಇಲ್ಲ. ಓಡುತ್ತಲೇ ಯಂತ್ರಭಾಷೆಗೆ ತಿರುಗಿಸುವ ಜಿಟ್ ಕಂಪೈಲರ್ ಬರೆದ ಕೋಡ್ ಇರುವ ಕೋಡ್ ಕ್ಯಾಶ್, 240 ಎಂಬಿ ತನಕ ಕಾದಿರಿಸಿಕೊಳ್ಳುತ್ತದೆ, ಬಳಸುವುದು ಅದಕ್ಕಿಂತ ಎಷ್ಟೋ ಕಡಿಮೆ. ಪ್ರತಿ ಥ್ರೆಡ್‌ಗೆ 1 ಎಂಬಿ ಸ್ಟ್ಯಾಕ್. ಸ್ಪ್ರಿಂಗ್ ಬೂಟ್‌ನ ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ಸಹಜ ಮಿತಿಯೇ 200 ಥ್ರೆಡ್. ಪೂರ್ತಿ 1 ಎಂಬಿ ಯಾವ ಥ್ರೆಡ್ಡೂ ಮುಟ್ಟುವುದಿಲ್ಲವಾದರೂ ಹರಾಜಿನ ಹೊತ್ತಿಗೆ 200 ಥ್ರೆಡ್ ಎದ್ದು ನಿಂತರೆ ಹತ್ತಾರು ಎಂಬಿ ಹೋಗುತ್ತದೆ. ಡೈರೆಕ್ಟ್ ಬಫರ್‌ಗಳ ಮಿತಿ ಬೇರೆ ಹೇಳದಿದ್ದರೆ ಹೀಪ್‌ನಷ್ಟೇ. ಕಸ ಗುಡಿಸುವವನ ಸ್ವಂತ ಲೆಕ್ಕದ ಪುಸ್ತಕಕ್ಕೂ ಜಾಗ ಬೇಕು.

ಆದ್ದರಿಂದ ಎಕ್ಸ್‌ಎಂಎಕ್ಸ್ ಬಿಟ್ಟು, ಮಿತಿಯ ಶೇಕಡಾ ಎಷ್ಟು ಹೀಪ್‌ಗೆ ಎಂದು ಹೇಳುವ ಮ್ಯಾಕ್ಸ್‌ರ್‍ಯಾಮ್‌ಪರ್ಸೆಂಟೇಜ್ ಬಳಸಿ. ಎರಡನ್ನೂ ಕೊಟ್ಟರೆ ಗೆಲ್ಲುವುದು ಎಕ್ಸ್‌ಎಂಎಕ್ಸ್, ಶೇಕಡಾ ಲೆಕ್ಕ ಸದ್ದಿಲ್ಲದೆ ಮೂಲೆಗೆ ಹೋಗುತ್ತದೆ. 1 ಜಿಬಿ ಕಂಟೇನರಿಗೆ 65ರಿಂದ 70 ಇಡಿ. 70 ಇಟ್ಟರೆ ಹೀಪ್ ಸುಮಾರು 717 ಎಂಬಿ, ಹೊರಗಿನವಕ್ಕೆ 307 ಎಂಬಿ. 512 ಎಂಬಿಗೆ 50ರ ಮೇಲೆ ಹೋಗಬೇಡಿ, ಏಕೆಂದರೆ ಮೆಟಾಸ್ಪೇಸಿನಂಥ ಖರ್ಚು ಕಂಟೇನರ್ ಚಿಕ್ಕದಾಯಿತೆಂದು ತಾನೂ ಚಿಕ್ಕದಾಗುವುದಿಲ್ಲ. 4 ಜಿಬಿ ಇದ್ದರೆ 80 ಸಲೀಸು. ಎಲ್ಲ ಕಡೆ 75 ಹಾಕಿ ಎನ್ನುವ ಸಲಹೆ ಬಹಳ ಕೇಳುತ್ತೀರಿ. ಚಿಕ್ಕ ಕಂಟೇನರಿನ ಮಟ್ಟಿಗೆ ಅದು ಕೆಟ್ಟ ಸಲಹೆ. ಇನ್ನೊಂದು ಸಣ್ಣ ಎಚ್ಚರ: 70 ಎನ್ನುವ ಬದಲು 70.0 ಎಂದೇ ಬರೆಯಿರಿ. ಹಳೆಯ ಕೆಲವು ಆವೃತ್ತಿಗಳು ದಶಮಾಂಶ ಕಾಣದಿದ್ದರೆ ಆ ಆಯ್ಕೆಯನ್ನೇ ಒಪ್ಪದೆ ಏಳಲು ನಿರಾಕರಿಸುತ್ತವೆ.

ಇಷ್ಟಾದರೂ ಮೆಮೊರಿ ದಿನದಿನಕ್ಕೂ ಏರುತ್ತಿದ್ದರೆ ನೇಟಿವ್‌ಮೆಮೊರಿಟ್ರ್ಯಾಕಿಂಗ್=ಸಮ್ಮರಿ ಎಂಬ ಆಯ್ಕೆ ಹಾಕಿ, ಓಡುತ್ತಿರುವಾಗ ಜೆಸಿಎಂಡಿ ಕಮಾಂಡಿಗೆ 1 ಎಂಬ ಪ್ರೋಸೆಸ್ ಸಂಖ್ಯೆಯೊಂದಿಗೆ ವಿಎಂ.ನೇಟಿವ್_ಮೆಮೊರಿ ಕೇಳಿ. ಜೆಸಿಎಂಡಿ ಜೆಡಿಕೆಯಲ್ಲಿ ಇರುತ್ತದೆ, ಜೆಆರ್‌ಇ ಇಮೇಜಿನಲ್ಲಿ ಇರುವುದಿಲ್ಲ ಎಂಬುದು ಬೇಕಾದ ಹೊತ್ತಿಗೇ ನೆನಪಾಗುವ ಸತ್ಯ. ಹುಡುಕಾಟಕ್ಕೆಂದೇ ಜೆಡಿಕೆ ಬೇಸ್‌ನ ಇನ್ನೊಂದು ಟ್ಯಾಗ್ ಮೊದಲೇ ಕಟ್ಟಿಟ್ಟುಕೊಳ್ಳಿ. ಅಲ್ಲಿ ಬಂದ ಒಟ್ಟು ಮೊತ್ತಕ್ಕೂ ಕರ್ನಲ್ ಹೇಳುವ ಮೊತ್ತಕ್ಕೂ ದೊಡ್ಡ ಅಂತರ ಇದ್ದರೆ ಅನುಮಾನ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮೇಲೆ ಹೋಗಬೇಕು. ಅದು ಪ್ರತಿ ಕೋರ್‌ಗೆ 8ರಂತೆ ಮೆಮೊರಿಯ ಅರೀನಾಗಳನ್ನು ತೆರೆಯಬಲ್ಲದು, ಮತ್ತು ಎಣಿಸುವುದು ಯಂತ್ರದ ಕೋರ್‌ಗಳನ್ನು, ನಿಮ್ಮ ಕಂಟೇನರಿನ ಪಾಲನ್ನಲ್ಲ. ಮ್ಯಾಲಾಕ್_ಅರೀನಾ_ಮ್ಯಾಕ್ಸ್=2 ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಇಟ್ಟರೆ ಬಹುಪಾಲು ಸಲ ಏರಿಕೆ ನಿಲ್ಲುತ್ತದೆ.

ಲ್ಯಾಪ್‌ಟಾಪಿನಲ್ಲಿ 1 ಜಿಬಿ ಮಿತಿ ಹಾಕಿ ಓಡಿಸಿದಾಗ ಸರಿಯಿತ್ತು, ಕ್ಲಸ್ಟರಿನಲ್ಲಿ ಸಾಯುತ್ತದೆ ಎನ್ನುವವರಿಗೆ: ಡಾಕರ್‌ಗೆ ಮೆಮೊರಿ ಮಿತಿ ಮಾತ್ರ ಕೊಟ್ಟು ಸ್ವಾಪ್ (ಡಿಸ್ಕಿನ ಮೇಲಿನ ಹೆಚ್ಚುವರಿ ಮೆಮೊರಿ) ಬಗ್ಗೆ ಏನೂ ಹೇಳದಿದ್ದರೆ, ಯಂತ್ರದಲ್ಲಿ ಸ್ವಾಪ್ ಇದ್ದಾಗ ಅಷ್ಟೇ ಪ್ರಮಾಣದ ಸ್ವಾಪನ್ನೂ ಕಂಟೇನರಿಗೆ ಕೊಡುತ್ತದೆ. ನೀವು ಪರೀಕ್ಷಿಸಿದ್ದು 2 ಜಿಬಿಯಲ್ಲಿ. ಮೆಮೊರಿ-ಸ್ವಾಪ್ ಆಯ್ಕೆಯನ್ನೂ 1 ಜಿಬಿಗೆ ಕಟ್ಟಿ ಪರೀಕ್ಷಿಸಿ.

ಸಿಪಿಯು ವಿಷಯ

ಇಲ್ಲಿ ಸಾವಿಲ್ಲ, ನಿಧಾನವಿದೆ. ಹಲವು ಯಂತ್ರಗಳ ಮೇಲೆ ಕಂಟೇನರುಗಳನ್ನು ಓಡಿಸುವ ಕುಬರ್ನೆಟಿಸ್‌ನಲ್ಲಿ 500ಎಂ, ಅಂದರೆ ಅರ್ಧ ಸಿಪಿಯು, ಎಂದು ಸಿಪಿಯು ಮಿತಿ ಇಟ್ಟರೆ ಪ್ರತಿ 100 ಮಿಲಿಸೆಕೆಂಡಿಗೆ 50 ಮಿಲಿಸೆಕೆಂಡು ಓಟ, ಉಳಿದರ್ಧ ಕೈಕಟ್ಟಿ ಕೂರುವುದು. ಜೆವಿಎಂ ಇದನ್ನು ಮೇಲಕ್ಕೆ ಸರಿಸಿ 1 ಸಿಪಿಯು ಎಂದು ಓದುತ್ತದೆ. ಜೆಡಿಕೆ 21ರಲ್ಲಿ ಸಿಪಿಯು 2ಕ್ಕಿಂತ ಕಡಿಮೆ ಅಥವಾ ಮೆಮೊರಿ 1792 ಎಂಬಿಗಿಂತ ಕಡಿಮೆ ಇದ್ದರೆ ಕಸ ಗುಡಿಸಲು ಜಿ1 ಬದಲು ಸೀರಿಯಲ್ ಕಲೆಕ್ಟರ್ ಆಯ್ಕೆಯಾಗುತ್ತದೆ. ನಮ್ಮ 1 ಜಿಬಿ ಮಂಡಿ ಆ್ಯಪ್‌ಗೆ ಸಿಗುವುದು ಸೀರಿಯಲ್ಲೇ. 700 ಎಂಬಿ ಹೀಪ್‌ಗೆ ಅದು ಕೆಟ್ಟದ್ದೇನಲ್ಲ. ಆದರೆ ಯಾವುದು ಬಂದಿದೆ ಎಂದು ಗೊತ್ತಿರಲಿ, ಇಷ್ಟವಿಲ್ಲದಿದ್ದರೆ ಹೆಸರು ಹೇಳಿ ಕೇಳಿ.

ನಿಜವಾದ ತೊಂದರೆ ಏಳುವಾಗ. ಸ್ಪ್ರಿಂಗ್ ಏಳುವುದೂ ಜಿಟ್ ಬಿಸಿಯಾಗುವುದೂ ಒಟ್ಟಿಗೇ ಸಿಪಿಯು ಕೇಳುತ್ತವೆ. ಲ್ಯಾಪ್‌ಟಾಪಿನಲ್ಲಿ 6 ಸೆಕೆಂಡಿಗೆ ಎದ್ದ ಆ್ಯಪ್ 500ಎಂ ಮಿತಿಯಲ್ಲಿ ಒಂದು ನಿಮಿಷ ತೆಗೆದುಕೊಂಡರೆ ಅಚ್ಚರಿಯಿಲ್ಲ. ಅಷ್ಟರಲ್ಲಿ ಜೀವ ಇದೆಯೇ ಎಂದು ಕೇಳುವ ಲೈವ್‌ನೆಸ್ ಪ್ರೋಬ್ ಉತ್ತರ ಬರಲಿಲ್ಲವೆಂದು ಕೊಂದಿರುತ್ತದೆ, ಮತ್ತೆ ಏಳಿಸುತ್ತದೆ, ಮತ್ತೆ ಕೊಲ್ಲುತ್ತದೆ. ಲೈವ್‌ನೆಸ್‌ನ ಆರಂಭದ ಕಾಯುವಿಕೆಯನ್ನು ಹಿಗ್ಗಿಸುತ್ತ ಹೋಗುವುದು ಪರಿಹಾರವಲ್ಲ. ಸ್ಟಾರ್ಟಪ್ ಪ್ರೋಬ್ ಇಡಿ: 5 ಸೆಕೆಂಡಿಗೊಮ್ಮೆ, 30 ಸೋಲು ತನಕ ಸಹನೆ, ಒಟ್ಟು 150 ಸೆಕೆಂಡು. ಅದು ಪಾಸಾಗುವ ತನಕ ಲೈವ್‌ನೆಸ್ ಬಾಯಿಬಿಡುವುದಿಲ್ಲ. ಲೈವ್‌ನೆಸ್‌ನಲ್ಲಿ ಡೇಟಾಬೇಸ್ ಪರೀಕ್ಷೆ ಸೇರಿಸಬೇಡಿ. ಪೋಸ್ಟ್‌ಗ್ರೆಸ್ ಒಂದು ನಿಮಿಷ ತೊದಲಿದರೆ ಎಲ್ಲ ಪಾಡುಗಳೂ (ಕುಬರ್ನೆಟಿಸ್‌ನಲ್ಲಿ ಓಡುವ ಆ್ಯಪ್‌ನ ಪ್ರತಿಗಳು) ಒಟ್ಟಿಗೆ ರೀಸ್ಟಾರ್ಟ್ ಆಗಿ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಇಮೇಜು

ಎಲ್ಲರೂ ಮೊದಲು ಬರೆಯುವ ಡಾಕರ್‌ಫೈಲ್ ಮೂರೇ ಸಾಲಿನದು: ಬೇಸ್ ತಗೊ, ಜಾರ್ ನಕಲಿಸು, ಓಡಿಸು. ಓಡುತ್ತದೆ. ಆದರೆ ಸ್ಪ್ರಿಂಗ್ ಬೂಟ್‌ನ ದಪ್ಪ ಜಾರ್ 70 ಎಂಬಿ ಇದ್ದರೆ ಅದರಲ್ಲಿ ನಿಮ್ಮ ಸ್ವಂತ ಕೋಡ್ ಹೆಚ್ಚೆಂದರೆ ಒಂದೆರಡು ಎಂಬಿ, ಉಳಿದದ್ದು ಲೈಬ್ರರಿ. ಬಿಲ್ಲಿನಲ್ಲಿ ಒಂದು ಕಾಗುಣಿತ ತಿದ್ದಿದರೂ 70 ಎಂಬಿಯ ಲೇಯರ್ (ಇಮೇಜಿನ ಪದರ) ಹೊಸದಾಗಿ ಅಪ್‌ಲೋಡ್ ಆಗಬೇಕು. ಬೆಂಗಳೂರಿನ ದೊಡ್ಡ ಆಫೀಸಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೋಲಾರದಲ್ಲೋ ಚಿಂತಾಮಣಿಯಲ್ಲೋ ಮನೆಯ ಲೈನಿನಿಂದ ಪುಶ್ ಮಾಡುವವರಿಗೆ ಕಾಫಿ ಕುಡಿದು ಬರುವಷ್ಟು ಹೊತ್ತು.

ಲೇಯರ್ ಬಿಡಿಸುವ ಸೌಲಭ್ಯ ಸ್ಪ್ರಿಂಗ್ ಬೂಟ್ 2.3ರಿಂದಲೂ ಇದೆ. ಎರಡು ಹಂತದ ಡಾಕರ್‌ಫೈಲ್ ಬರೆಯಿರಿ. ಮೊದಲ ಹಂತ ಎಕ್ಲಿಪ್ಸ್ ಟೆಮುರಿನ್ 21ರ ಜೆಡಿಕೆ ಮೇಲೆ: ಮೊದಲು ಪಾಮ್ ಫೈಲ್ ಮತ್ತು ಮೇವನ್ ರ್‍ಯಾಪರ್ ಮಾತ್ರ ನಕಲಿಸಿ ಡಿಪೆಂಡೆನ್ಸಿ:ಗೋ-ಆಫ್‌ಲೈನ್ ಓಡಿಸಿ, ಆಮೇಲೆ ಸೋರ್ಸ್ ನಕಲಿಸಿ ಪ್ಯಾಕೇಜ್ ಮಾಡಿ. ಈ ಅನುಕ್ರಮ ತಿರುವುಮುರುವಾದರೆ ಪ್ರತಿ ಬಿಲ್ಡಿಗೂ ಇಂಟರ್ನೆಟ್ಟೆಲ್ಲ ಮತ್ತೆ ಇಳಿಯುತ್ತದೆ. ಕೊನೆಗೆ ಜಾವಾಗೆ -ಡಿಜಾರ್‌ಮೋಡ್=ಟೂಲ್ಸ್ ಕೊಟ್ಟು ಎಕ್ಸ್‌ಟ್ರ್ಯಾಕ್ಟ್ --ಲೇಯರ್ಸ್ --ಲಾಂಚರ್ ಎನ್ನಿ. ಇದು 3.3ರಿಂದ ಈಚೆಗಿನ ರೂಪ. ಅದಕ್ಕೂ ಹಿಂದಿನವರಿಗೆ ಲೇಯರ್‌ಟೂಲ್ಸ್. ನಾಲ್ಕು ಫೋಲ್ಡರ್ ಹೊರಬರುತ್ತವೆ: ಡಿಪೆಂಡೆನ್ಸೀಸ್, ಸ್ಪ್ರಿಂಗ್-ಬೂಟ್-ಲೋಡರ್, ಸ್ನ್ಯಾಪ್‌ಶಾಟ್-ಡಿಪೆಂಡೆನ್ಸೀಸ್, ಅಪ್ಲಿಕೇಶನ್. ಎರಡನೆಯ ಹಂತ ಟೆಮುರಿನ್ 21ರ ಜೆಆರ್‌ಇ ಮೇಲೆ, ನಾಲ್ಕನ್ನೂ ಇದೇ ಅನುಕ್ರಮದಲ್ಲಿ ಬೇರೆಬೇರೆ ಕಾಪಿ ಸಾಲುಗಳಲ್ಲಿ ತನ್ನಿ. ಅಪರೂಪಕ್ಕೆ ಬದಲಾಗುವ ಪದರ ಕೆಳಗೆ, ದಿನಾ ಬದಲಾಗುವ ಪದರ ಮೇಲೆ. ಇನ್ನು ಪುಶ್ ಆಗುವುದು ಆ ಒಂದೆರಡು ಎಂಬಿ ಮಾತ್ರ. 3.2ರಲ್ಲಿ ಜಾರ್‌ಲಾಂಚರ್ ಕ್ಲಾಸಿನ ಪ್ಯಾಕೇಜ್ ಬದಲಾಗಿ ನಡುವೆ ಲಾಂಚ್ ಎಂಬ ಪದ ಸೇರಿತು. ಹಳೆಯ ಡಾಕರ್‌ಫೈಲ್ ಇಟ್ಟುಕೊಂಡು ಆವೃತ್ತಿ ಏರಿಸಿದವರಿಗೆ ಕ್ಲಾಸ್ ಸಿಗಲಿಲ್ಲ ಎಂಬ ದೋಷ ಬರುವುದು ಅದಕ್ಕೇ.

ಫೈಲುಗಳನ್ನು ನಕಲಿಸಿ ಆಮೇಲೆ ಬೇರೆ ಸಾಲಿನಲ್ಲಿ ಚೌನ್ ಮಾಡಬೇಡಿ. ಮಾಲೀಕ ಬದಲಾದ ಫೈಲ್ ಹೊಸ ಲೇಯರಿನಲ್ಲಿ ಇಡಿಯಾಗಿ ಮತ್ತೆ ಬರೆಯಲ್ಪಡುತ್ತದೆ, ಇಮೇಜ್ ಇಮ್ಮಡಿಯಾಗುತ್ತದೆ. ಕಾಪಿ ಸಾಲಿಗೇ --ಚೌನ್ ಸೇರಿಸಿ. ರೂಟ್ ಆಗಿ ಓಡಿಸದಿರಲು ಯೂಸರ್ ಸಾಲಿನಲ್ಲಿ ಹೆಸರಿನ ಬದಲು 10001ರಂಥ ಸಂಖ್ಯೆ ಬರೆಯಿರಿ. ಕುಬರ್ನೆಟಿಸ್‌ನ ರನ್‌ಆ್ಯಸ್‌ನಾನ್‌ರೂಟ್ ಪರೀಕ್ಷೆ ಹೆಸರನ್ನು ನಂಬುವುದಿಲ್ಲ, ಪಾಡ್ ಏಳುವುದೇ ಇಲ್ಲ.

ಡಾಕರ್‌ಫೈಲ್ ಬರೆಯುವುದೇ ಬೇಡ ಎನ್ನುವವರಿಗೆ ಗೂಗಲ್‌ನ ಜಿಬ್ ಒಳ್ಳೆಯ ದಾರಿ. ಮೇವನ್ ಅಥವಾ ಗ್ರೇಡಲ್ ಪ್ಲಗಿನ್ ಅಷ್ಟೇ, ಯಂತ್ರದಲ್ಲಿ ಡಾಕರ್ ಇರಬೇಕೆಂದೂ ಇಲ್ಲ. ಲೇಯರ್‌ಗಳನ್ನು ತಾನೇ ಬಿಡಿಸುತ್ತದೆ. ಕಟ್ಟಿದ ಇಮೇಜಿನ ದಿನಾಂಕ 1970 ಎಂದು ತೋರಿಸಿದರೆ ಗಾಬರಿಯಾಗಬೇಡಿ. ಒಂದೇ ಸೋರ್ಸಿಗೆ ಒಂದೇ ಇಮೇಜ್ ಬರಲಿ ಎಂದು ಬೇಕೆಂದೇ ಹಾಗಿಟ್ಟಿದ್ದಾರೆ.

ಬೇಸ್ ಇಮೇಜ್ ಆರಿಸುವಾಗ ಪುಟ್ಟ ಲಿನಕ್ಸ್ ಆದ ಆಲ್ಪೈನ್‌ನ ಸಣ್ಣ ಗಾತ್ರ ಕಣ್ಣು ಸೆಳೆಯುತ್ತದೆ. ಜೆಡಿಕೆ 16ರಿಂದ ಅದಕ್ಕೆ ಅಧಿಕೃತ ಆಧಾರವೂ ಇದೆ. ಆದರೆ ಅಲ್ಲಿರುವುದು ಜಿಲಿಬ್‌ಸಿ ಅಲ್ಲ, ಮಸ್ಲ್. ಒಳಗೆ ಸಿ ಕೋಡ್ ಹೊತ್ತು ತರುವ ಲೈಬ್ರರಿಗಳು, ಅಂದರೆ ಕಂಪ್ರೆಶನ್, ಟಿಎಲ್‌ಎಸ್ ವೇಗಕ್ಕೆಂದು ಇರುವಂಥವು, ಜಿಲಿಬ್‌ಸಿಗೆ ಕಟ್ಟಿದ್ದರೆ ಅಲ್ಲಿ ಲೋಡ್ ಆಗುವುದಿಲ್ಲ. ಅದೂ ಏಳುವಾಗ ಅಲ್ಲ, ಆ ಕೋಡ್ ಮೊದಲ ಸಲ ಓಡುವಾಗ ಬೀಳುತ್ತದೆ. ಬೇಸ್ ಲೇಯರ್ ಒಮ್ಮೆ ಇಳಿದರೆ ಎಲ್ಲ ಆ್ಯಪ್‌ಗಳೂ ಹಂಚಿಕೊಳ್ಳುತ್ತವೆ. ಅಲ್ಲಿ ಉಳಿಸುವ ಕೆಲವು ಹತ್ತು ಎಂಬಿಗಾಗಿ ಈ ರಗಳೆ ಬೇಡ ಎಂಬುದು ನನ್ನ ತೀರ್ಮಾನ. ಹಳೆಯ ಓಪನ್‌ಜೆಡಿಕೆ ಎಂಬ ಅಧಿಕೃತ ಡಾಕರ್ ಇಮೇಜನ್ನಂತೂ 2022ರಲ್ಲೇ ಕೈಬಿಟ್ಟಿದ್ದಾರೆ, ಇನ್ನೂ ಅದರ ಮೇಲೆ ಇರುವವರು ಇವತ್ತೇ ಹೊರಡಿ. ಆ್ಯಪಲ್ ಎಂ ಸರಣಿಯ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ ಸರ್ವರ್‌ನಲ್ಲಿ ಎಕ್ಸೆಕ್ ಫಾರ್ಮ್ಯಾಟ್ ಎರರ್ ಎಂದರೆ ಬಿಲ್ಡಿಗೆ ಲಿನಕ್ಸ್/ಎಎಂಡಿ64 ಎಂಬ ಪ್ಲಾಟ್‌ಫಾರ್ಮ್ ಹೇಳಿ.

ಸಿಗ್ನಲ್: 137ರ ಇನ್ನೊಂದು ಮುಖ

137 ಕಂಡ ಕೂಡಲೇ ಮೆಮೊರಿ ಎಂದು ತೀರ್ಮಾನಿಸಬೇಡಿ. ಡಾಕರ್ ಸ್ಟಾಪ್ ಮೊದಲು ನಿಲ್ಲು ಎಂದು ಕೇಳುವ ಸಿಗ್‌ಟರ್ಮ್ ಕಳಿಸುತ್ತದೆ, 10 ಸೆಕೆಂಡು ಕಾಯುತ್ತದೆ, ಆಮೇಲೆ ಸಿಗ್‌ಕಿಲ್. ಆಗಲೂ 137. ಮರ್ಯಾದೆಯಿಂದ ನಿಂತ ಜೆವಿಎಂ ಕೊಡುವುದು 143. ನಿಲ್ಲಿಸಿದಾಗಲೆಲ್ಲ ಸರಿಯಾಗಿ 10 ಸೆಕೆಂಡು ಹಿಡಿದು 137 ಬಂದರೆ ಸಿಗ್ನಲ್ ಜಾವಾ ತನಕ ತಲುಪುತ್ತಿಲ್ಲ ಎಂದರ್ಥ.

ಕಂಟೇನರ್ ಏಳುವಾಗ ಓಡಬೇಕಾದ ಕಮಾಂಡನ್ನು, ಅಂದರೆ ಎಂಟ್ರಿಪಾಯಿಂಟನ್ನು, ಚೌಕ ಆವರಣವಿಲ್ಲದೆ ಸಾಲಾಗಿ ಬರೆದರೆ ಡಾಕರ್ ಅದನ್ನು ಶೆಲ್‌ನ ಕೈಗೆ ಕೊಡುತ್ತದೆ. 1ನೇ ಪ್ರೋಸೆಸ್ ಶೆಲ್ ಆಗುತ್ತದೆ, ಜಾವಾ ಅದರ ಮಗು. ಸಿಗ್‌ಟರ್ಮ್ ಶೆಲ್‌ಗೆ ಬಂದು ಅಲ್ಲೇ ಇಂಗಿಹೋಗುತ್ತದೆ. ಕೆಲವು ಶೆಲ್‌ಗಳು ಒಂದೇ ಕಮಾಂಡ್ ಇದ್ದರೆ ತಾವೇ ಜಾಗ ಬಿಟ್ಟುಕೊಡುತ್ತವೆ, ಆದ್ದರಿಂದ ಒಂದು ಬೇಸ್‌ನಲ್ಲಿ ನೆಟ್ಟಗಿದ್ದದ್ದು ಇನ್ನೊಂದರಲ್ಲಿ ಕೆಡುತ್ತದೆ. ಚೌಕ ಆವರಣದ ರೂಪ ಬಳಸಿ. ಸ್ಕ್ರಿಪ್ಟ್ ಬೇಕೇ ಬೇಕಾದರೆ ಅದರ ಕೊನೆಯ ಸಾಲು ಎಕ್ಸೆಕ್‌ನಿಂದ ಶುರುವಾಗಲಿ.

ಚೌಕ ಆವರಣಕ್ಕೆ ಹೋದರೆ ಜಾವಾ_ಆಪ್ಟ್ಸ್ ಕೆಲಸ ಮಾಡುವುದಿಲ್ಲ ಎಂದು ದೂರುವವರಿದ್ದಾರೆ. ಆ ಹೆಸರನ್ನು ಜೆವಿಎಂ ಎಂದೂ ಓದಿದ್ದೇ ಇಲ್ಲ, ಅದನ್ನು ಬಿಡಿಸಿ ಕೊಡುತ್ತಿದ್ದದ್ದು ಶೆಲ್. ಜೆವಿಎಂ ತಾನೇ ಓದುವುದು ಜಾವಾ_ಟೂಲ್_ಆಪ್ಶನ್ಸ್. ಜೆಡಿಕೆ 9ರಿಂದ ಜಾವಾ ಲಾಂಚರ್ ಓದುವ ಜೆಡಿಕೆ_ಜಾವಾ_ಆಪ್ಶನ್ಸ್ ಕೂಡ ಇದೆ. ಮೊದಲನೆಯದನ್ನು ಕಂಟೇನರಿನೊಳಗೆ ಏಳುವ ಎಲ್ಲ ಜೆವಿಎಂಗಳೂ ಓದುತ್ತವೆ, ಕೀಟೂಲ್, ಜೆಸಿಎಂಡಿಯೂ ಸೇರಿ. ಅದರಲ್ಲಿ ಡೀಬಗ್ ಪೋರ್ಟ್ ಬರೆದಿಟ್ಟರೆ ಜೆಸಿಎಂಡಿ ಅದೇ ಪೋರ್ಟಿಗೆ ಜಗಳವಾಡಿ ಬೀಳುತ್ತದೆ. ಅಂಥವನ್ನು ಎರಡನೆಯದರಲ್ಲಿಡಿ.

ಸಿಗ್‌ಟರ್ಮ್ ತಲುಪಿದ ಮೇಲೆ ಕೈಯಲ್ಲಿರುವ ಬಿಲ್ ಮುಗಿಸಿಯೇ ನಿಲ್ಲಬೇಕು. ಸರ್ವರ್.ಶಟ್‌ಡೌನ್=ಗ್ರೇಸ್‌ಫುಲ್ ಎಂಬುದು ಸ್ಪ್ರಿಂಗ್ ಬೂಟ್ 3.4ರಿಂದ ತಾನಾಗಿಯೇ ಇದೆ, ಹಿಂದಿನವರು ಬರೆಯಬೇಕು. ಅದು 30 ಸೆಕೆಂಡು ಕಾಯುತ್ತದೆ. ಕುಬರ್ನೆಟಿಸ್ ಕೊಡುವ ಗಡುವೂ 30 ಸೆಕೆಂಡೇ. ಆದರೆ ಸಿಗ್ನಲ್ ಕಳಿಸುವುದೂ ಟ್ರಾಫಿಕ್ ಪಟ್ಟಿಯಿಂದ ಪಾಡನ್ನು ತೆಗೆಯುವುದೂ ಒಟ್ಟಿಗೆ ನಡೆಯುವ ಕಾರಣ ನಿಲ್ಲುತ್ತಿರುವ ಪಾಡಿಗೂ ಸ್ವಲ್ಪ ಹೊತ್ತು ಹೊಸ ಕೋರಿಕೆ ಬರುತ್ತಿರುತ್ತದೆ. ಸಿಗ್ನಲಿಗೂ ಮೊದಲು ಓಡುವ ಪ್ರೀಸ್ಟಾಪ್‌ನಲ್ಲಿ 8 ಸೆಕೆಂಡು ನಿದ್ದೆ ಹಾಕಿ. ಆ 8 ಕೂಡ ಅದೇ 30ರಿಂದ ಕಳೆಯುತ್ತದೆ, ಹಾಗಾಗಿ ಗಡುವನ್ನು 45ಕ್ಕೆ ಏರಿಸಿ.

ಕಾನ್ಫಿಗರೇಶನ್

ಪರೀಕ್ಷೆಗೊಂದು, ನಿಜಕ್ಕೊಂದು ಇಮೇಜ್ ಕಟ್ಟಬೇಡಿ. ಒಂದೇ ಇಮೇಜ್, ಬದಲಾಗುವುದೆಲ್ಲ ಹೊರಗೆ. ಸ್ಪ್ರಿಂಗ್‌ನಲ್ಲಿ ಹೆಸರು ಬದಲಿಸುವ ನಿಯಮ ಸರಳ, ತಪ್ಪುವವರು ಮಾತ್ರ ಬಹಳ: ಚುಕ್ಕಿ ಇದ್ದಲ್ಲಿ ಅಂಡರ್‌ಸ್ಕೋರ್, ಅಡ್ಡಗೆರೆ ಇದ್ದರೆ ತೆಗೆದು ಹಾಕಿ, ಎಲ್ಲ ದೊಡ್ಡಕ್ಷರ. ಮಂಡಿ.ಬಿಲ್-ಪ್ರಿಂಟರ್.ಯುಆರ್‌ಎಲ್ ಎಂಬುದು ಮಂಡಿ_ಬಿಲ್‌ಪ್ರಿಂಟರ್_ಯುಆರ್‌ಎಲ್ ಆಗಬೇಕು. ಹೆಸರು ತಪ್ಪಿದರೆ ದೋಷವೂ ಬರುವುದಿಲ್ಲ, ಮೌಲ್ಯವೂ ಬರುವುದಿಲ್ಲ, ಹಳೆಯ ಡಿಫಾಲ್ಟ್ ಇಟ್ಟುಕೊಂಡು ಓಡುತ್ತಲೇ ಇರುತ್ತದೆ.

ಪಾಸ್‌ವರ್ಡನ್ನು ಬಿಲ್ಡಿನ ಆರ್ಗ್‌ನಲ್ಲಿ ಕೊಟ್ಟರೆ ಡಾಕರ್ ಹಿಸ್ಟರಿಯಲ್ಲಿ ಶಾಶ್ವತ. ಎನ್ವಿರಾನ್ಮೆಂಟಿನಲ್ಲಿ ಕೊಟ್ಟರೆ ಡಾಕರ್ ಇನ್‌ಸ್ಪೆಕ್ಟ್ ಮಾಡಿದವರಿಗೆಲ್ಲ ಕಾಣುತ್ತದೆ. ಫೈಲಾಗಿ ಮೌಂಟ್ ಮಾಡಿ ಸ್ಪ್ರಿಂಗ್.ಕಾನ್ಫಿಗ್.ಇಂಪೋರ್ಟ್‌ನಲ್ಲಿ ಕಾನ್ಫಿಗ್‌ಟ್ರೀ: ಎಂದು ಆ ಫೋಲ್ಡರಿನ ದಾರಿ ಬರೆದರೆ ಫೈಲಿನ ಹೆಸರೇ ಪ್ರಾಪರ್ಟಿಯ ಹೆಸರು, ಒಳಗಿನದೇ ಮೌಲ್ಯ. ಕುಬರ್ನೆಟಿಸ್ ಸೀಕ್ರೆಟ್ ಮಾಡಲು ಎಕೋದಿಂದ ಬೇಸ್64 ತೆಗೆಯುವವರು -ಎನ್ ಮರೆತರೆ ಕೊನೆಗೊಂದು ಹೊಸ ಸಾಲಿನ ಅಕ್ಷರ ಅಂಟಿಕೊಂಡು ಬರುತ್ತದೆ. ಆಮೇಲೆ ಕಣ್ಣಿಗೆ ಒಂದೇ ಥರ ಕಾಣುವ ಪಾಸ್‌ವರ್ಡನ್ನು ಪೋಸ್ಟ್‌ಗ್ರೆಸ್ ಯಾಕೆ ಒಪ್ಪುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು.

ಕನ್ನಡ, ಗಡಿಯಾರ

ಹೊರದೇಶದ ಮಾರ್ಗದರ್ಶಿಗಳಲ್ಲಿ ಸಿಗದ ಭಾಗ ಇದು. ಜೆಡಿಕೆ 17 ಮತ್ತು ಹಿಂದಿನವುಗಳಲ್ಲಿ ಸಹಜ ಅಕ್ಷರ ಸಂಕೇತ ಯಂತ್ರದ ಲೊಕೇಲ್ ಮೇಲೆ ನಿಂತಿದೆ. ಬರಿಯ ಕಂಟೇನರಿನಲ್ಲಿ ಲ್ಯಾಂಗ್ ಎಂಬ ವೇರಿಯಬಲ್ ಇಲ್ಲದಿದ್ದರೆ ಲೊಕೇಲ್ ಪೋಸಿಕ್ಸ್, ಸಂಕೇತ ಬರೀ ಆಸ್ಕಿ. ಆಗ "ಕೃಷ್ಣಪ್ಪ" ಎಂಬ ರೈತನ ಹೆಸರು ಎಂಟು ಪ್ರಶ್ನೆಚಿಹ್ನೆಗಳಾಗಿ ಫೈಲಿಗಿಳಿಯುತ್ತದೆ, ಹಾಗೆ ಇಳಿದದ್ದನ್ನು ಮರಳಿ ಪಡೆಯಲಾಗದು. ಜೆಡಿಕೆ 18ರಿಂದ ಸಹಜ ಸಂಕೇತ ಯುಟಿಎಫ್-8. ಆದರೆ ಫೈಲಿನ ಹೆಸರಿಗೆ ಈಗಲೂ ಲೊಕೇಲೇ ಗತಿ. "ಮುಳಬಾಗಿಲು" ಎಂಬ ಹೆಸರಿನ ಪಿಡಿಎಫ್ ಬರೆಯಲು ಹೋದರೆ ಇನ್‌ವ್ಯಾಲಿಡ್‌ಪಾತ್‌ಎಕ್ಸೆಪ್ಶನ್. ಟೆಮುರಿನ್ ಇಮೇಜಿನಲ್ಲಿ ಲ್ಯಾಂಗ್ ಮೊದಲೇ ಇರುತ್ತದೆ; ಡೆಬಿಯನ್ ಸ್ಲಿಮ್ ಮೇಲೆ ಜೆಲಿಂಕ್‌ನಿಂದ ಮಾಡಿದ ಸ್ವಂತ ರನ್‌ಟೈಮ್ ಕೂರಿಸುವವರು ಲ್ಯಾಂಗ್=ಸಿ.ಯುಟಿಎಫ್-8 ತಾವೇ ಹಾಕಬೇಕು. ಜೆಲಿಂಕ್ ಬಳಸುವವರಿಗೆ ಇನ್ನೊಂದು: ಜೆಡಿಕೆ.ಲೊಕೇಲ್‌ಡೇಟಾ ಮಾಡ್ಯೂಲನ್ನು, ಬೇಕಾದ ಮಾಡ್ಯೂಲುಗಳನ್ನು ಹುಡುಕಿ ಹೇಳುವ ಜೆಡೆಪ್ಸ್ ಪಟ್ಟಿ ಮಾಡಿ ಕೊಡುವುದಿಲ್ಲ. ಅದಿಲ್ಲದೆ ಕನ್ನಡದ ತಿಂಗಳ ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ ಬರುತ್ತದೆ.

ಬಿಲ್ಲನ್ನು ಕನ್ನಡದಲ್ಲಿ ಮುದ್ರಿಸಲು ಫಾಂಟ್‌ಕಾನ್ಫಿಗ್ ಮತ್ತು ಒಂದು ಕನ್ನಡ ಫಾಂಟ್ ಬೇಕು. ಡೆಬಿಯನ್‌ನಲ್ಲಿ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು, ಅಥವಾ ನೋಟೊ ಸಿಗುತ್ತವೆ. ಫಾಂಟ್ ಇದ್ದರೂ ಮುಗಿಯಲಿಲ್ಲ: ಅಕ್ಷರಗಳನ್ನು ಬಿಡಿಬಿಡಿಯಾಗಿ ಪಿಡಿಎಫ್‌ಗೆ ಜೋಡಿಸುವ ಲೈಬ್ರರಿಗಳು ಒತ್ತಕ್ಷರ ಕೂಡಿಸದೆ "ಕೃಷ್‌ಣಪ್‌ಪ" ಎಂದು ಬರೆದಿಡುತ್ತವೆ. ಜಾವಾ2ಡಿ ಮೂಲಕ ಬರೆಸಿದರೆ ಜೆಡಿಕೆ 9ರಿಂದ ಒಳಗಿರುವ ಹಾರ್ಫ್‌ಬಜ್ ಒತ್ತು ಸರಿಯಾಗಿ ಕೂರಿಸುತ್ತದೆ. ಎಚ್‌ಟಿಎಂಎಲ್‌ನಿಂದ ಕ್ರೋಮಿಯಂ ಮೂಲಕ ಪಿಡಿಎಫ್ ಮಾಡಿಸುವುದೂ ಒಳ್ಳೆಯದೇ, ಆದರೆ ಅದನ್ನು ಬೇರೆ ಕಂಟೇನರಿನಲ್ಲಿಡಿ. ಒಂದೇ ಕಡೆ ಇಟ್ಟರೆ ಕ್ರೋಮಿಯಂ ತಿನ್ನುವ ಮೆಮೊರಿಯೂ ಅದೇ 1 ಜಿಬಿಯೊಳಗೆ, ಮೇಲಿನ ಹೀಪ್ ಲೆಕ್ಕವೆಲ್ಲ ನೀರಿಗೆ.

ಗಡಿಯಾರ ಕಂಟೇನರಿನಲ್ಲಿ ಯುಟಿಸಿ. ನಸುಕಿನ 5 ಗಂಟೆಗೆ ಇಳಿದ ಟೊಮೆಟೊ ಬಾಕ್ಸು ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11:30ರದು. ಲೋಕಲ್‌ಡೇಟ್.ನೌ ಕೇಳಿದರೆ ನಿನ್ನೆಯ ತಾರೀಕು, 5:30ಕ್ಕೆ ಮೊದಲಿನ ಆವಕವೆಲ್ಲ ನಿನ್ನೆಯ ಖಾತೆಗೆ. ಬೆಳಗಿನ 4ಕ್ಕೆ ಇಟ್ಟ ಶೆಡ್ಯೂಲ್ 9:30ಕ್ಕೆ ಓಡುತ್ತದೆ. ಟಿಜಡ್=ಏಷ್ಯಾ/ಕೋಲ್ಕತಾ ಇಟ್ಟರೆ ಜಾವಾ ಅದನ್ನು ಓದುತ್ತದೆ, ಕಾಲವಲಯದ ಪಟ್ಟಿ ಅದರ ಒಳಗೇ ಇದೆ. ಅದಕ್ಕಿಂತ ಮೇಲಾದದ್ದು, ಸಮಯವನ್ನು ಯುಟಿಸಿಯಲ್ಲೇ ಉಳಿಸಿ, ಮಂಡಿಯ ದಿನ ಯಾವುದು ಎಂದು ಕೋಡಿನಲ್ಲಿ ವಲಯದ ಹೆಸರು ಹೇಳಿ ಕೇಳುವುದು. ಯಾರೋ ವೇರಿಯಬಲ್ ಮರೆತ ದಿನ ಲೆಕ್ಕ ಕೆಡುವುದಿಲ್ಲ.

ಕೊನೆಗೆ ಕನೆಕ್ಷನ್

ಎಲ್ಲ ಸರಿಯಿದ್ದು ಹೊಸ ಆವೃತ್ತಿ ಬಿಡುವಾಗ ಮಾತ್ರ ಕೆಡುವ ಒಂದು ಕಾಯಿಲೆ ಇದೆ. ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಳ್ಳುವ ಹಿಕಾರಿ ಪೂಲಿನ ಸಹಜ ಗಾತ್ರ 10. ಪೋಸ್ಟ್‌ಗ್ರೆಸ್‌ನ ಸಹಜ ಮಿತಿ 100, ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು, ನಿಮಗೆ 97. ಸೀಸನ್ನಿಗೆಂದು 8 ಪಾಡ್ ಮಾಡಿದರೆ 80 ಕನೆಕ್ಷನ್, ದಿನಗಟ್ಟಲೆ ತಣ್ಣಗೆ ಓಡುತ್ತದೆ. ಹೊಸ ಆವೃತ್ತಿ ಬಿಡುವಾಗ ಕುಬರ್ನೆಟಿಸ್ ಸಹಜವಾಗಿ ಶೇ. 25 ಹೆಚ್ಚುವರಿ ಪಾಡ್ ಏಳಿಸುತ್ತದೆ, ಅಂದರೆ ಇನ್ನೂ 2. ಅಲ್ಲಿಗೆ 100. ಮೇಲಾಗಿ ನಿಲ್ಲುತ್ತಿರುವ ಹಳೆಯ ಪಾಡುಗಳು ನಾವೇ ಕೊಟ್ಟ 45 ಸೆಕೆಂಡಿನ ಗಡುವಿನ ತನಕ ತಮ್ಮ ಕನೆಕ್ಷನ್ ಹಿಡಿದೇ ಇರುತ್ತವೆ, ಅವು ಪಾಡಿನ ಎಣಿಕೆಯಲ್ಲೂ ಬರುವುದಿಲ್ಲ. ಹೊಸ ಪಾಡುಗಳಿಗೆ ಕನೆಕ್ಷನ್ ಸಿಗದೆ ಪಾಡ್ ಕೆಲಸಕ್ಕೆ ಸಿದ್ಧವೇ ಎಂದು ನೋಡುವ ರೆಡಿನೆಸ್ ಪರೀಕ್ಷೆ ಸೋಲುತ್ತದೆ, ಬಿಡುಗಡೆ ನಡುವೆಯೇ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್‌ನ ಮಿತಿ ಏರಿಸುವ ಮೊದಲು ಪೂಲ್ ಇಳಿಸಿ ನೋಡಿ. ಪೂಲ್ 6 ಇಟ್ಟರೆ 8 ಪಾಡು, ಹೆಚ್ಚುವರಿ 2, ನಿಲ್ಲುತ್ತಿರುವ 2, ಒಟ್ಟು 12 ಪಾಡಿಗೆ 72. ಹರಾಜಿನ ಹೊತ್ತಿನಲ್ಲೂ 6 ಸಾಕಾಗುತ್ತದೆ, ಕ್ವೆರಿಗಳು ಚಿಕ್ಕವಾಗಿದ್ದರೆ. ಬರೆಯುವಾಗ ಹೆಸರು ಸ್ಪ್ರಿಂಗ್_ಡೇಟಾಸೋರ್ಸ್_ಹಿಕಾರಿ_ಮ್ಯಾಕ್ಸಿಮಮ್‌ಪೂಲ್‌ಸೈಜ್=6. ಮ್ಯಾಕ್ಸಿಮಮ್, ಪೂಲ್, ಸೈಜ್ ಮೂರರ ನಡುವೆ ಅಂಡರ್‌ಸ್ಕೋರ್ ಇಲ್ಲ. ಏಳಿಸಿದ ಮೇಲೆ ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯಲ್ಲಿ ಕ್ಲೈಂಟ್ ವಿಳಾಸವಾರು ಎಣಿಸಿ; ಪಾಡಿಗೆ 6ರ ಬದಲು 10 ಕಂಡರೆ ಹೆಸರು ಎಲ್ಲೋ ತಪ್ಪಿದೆ.